ಕೆರೆ ಏರಿಯ ಮೇಲೊಂದು ನೌಕರಿ: ಊರಿನ ಕೆಲಸವನ್ನೇ ಉದ್ಯೋಗ ಮಾಡಿಕೊಳ್ಳೋದು ಹೇಗೆ

ವಾರಕ್ಕೆ ಒಬ್ಬರಾದರೂ ಫೋನ್ ಮಾಡುತ್ತಾರೆ. "ಅಕ್ಕಾ, ನನಗೂ ನಿಮ್ಮ ಥರ ಹಳ್ಳಿಯಲ್ಲಿ ಕೆರೆ, ಸಂಘದ ಕೆಲಸ ಮಾಡಬೇಕು ಅಂತಿದೆ. ಎಲ್ಲಿಂದ ಶುರು ಮಾಡಲಿ?" ಕೆಲವರು ಈಗಷ್ಟೇ ಡಿಗ್ರಿ ಮುಗಿಸಿದವರು. ಕೆಲವರು ಬೆಂಗಳೂರಿನ ಐಟಿ ಕಂಪನಿಯಲ್ಲಿ ಹತ್ತು ವರ್ಷ ದುಡಿದು ಸಾಕಾದವರು. ಇದರಲ್ಲಿ ಹೊಟ್ಟೆ ತುಂಬುತ್ತಾ ಅನ್ನುವ ಅನುಮಾನ ಮಾತ್ರ ಎಲ್ಲರ ದನಿಯಲ್ಲೂ ಇರುತ್ತದೆ. ಪ್ರತಿ ಸಲ ಅರ್ಧ ಗಂಟೆ ಮಾತಾಡುತ್ತೇನೆ. ಅದನ್ನೇ ಇಲ್ಲಿ ಬರೆದಿದ್ದೇನೆ.

ನಾನು ತಿಪಟೂರಿನ ಕಡೆಯವಳು. ಬಿ.ಕಾಂ. ಓದಿ ಬೆಂಗಳೂರಿನ ಆಡಿಟರ್ ಆಫೀಸೊಂದರಲ್ಲಿ ಮೂರು ವರ್ಷ ಲೆಕ್ಕ ಬರೆದೆ. 2011ರಲ್ಲಿ ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿಗೆ ಬಂದೆ. ಒಂದು ಸಂಸ್ಥೆಯ ಕೆರೆ ಯೋಜನೆಗೆ ಲೆಕ್ಕ ನೋಡಿಕೊಳ್ಳುವವರು ಬೇಕಿತ್ತು, ಸಂಬಳ 6,500 ರೂಪಾಯಿ. ಒಂದು ವರ್ಷ ನೋಡೋಣ ಅಂತ ಬಂದವಳು ಇಲ್ಲೇ ಉಳಿದೆ. ಇವತ್ತಿಗೂ ನನ್ನ ಕೆಲಸ ಕೆರೆ, ಅದರ ಕೆಳಗಿನ ಹೊಲ ಮತ್ತು ಆ ಹೊಲದವರ ಸಂಘ.

ಮೊದಲು ಒಂದು ಊರು ಹಿಡಿಯಿರಿ

ಫೋನ್ ಮಾಡಿದವರು ಮೊದಲು ಕೇಳುವುದು ಕೋರ್ಸ್ ಬಗ್ಗೆ. ನಾನು ಮೊದಲು ಕೇಳುವುದು ಊರಿನ ಬಗ್ಗೆ. ಯಾವ ಊರಿನಲ್ಲಿ, ಯಾವ ವಿಷಯದ ಮೇಲೆ ಐದು ವರ್ಷ ಕೂರಲು ನೀವು ತಯಾರಿದ್ದೀರಿ? "ಪರಿಸರಕ್ಕೆ ಏನಾದರೂ ಮಾಡಬೇಕು" ಅನ್ನುವುದು ಒಳ್ಳೆ ಮನಸ್ಸು. ಆದರೆ ಅಷ್ಟನ್ನೇ ಇಟ್ಟುಕೊಂಡು ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗುತ್ತೀರಿ? ನೀರು, ಬೀಜ, ಕಸ, ಕಾಡು, ಹಾಲು, ನೇಯ್ಗೆ, ಹೀಗೆ ಯಾವುದಾದರೂ ಒಂದನ್ನು ಗಟ್ಟಿಯಾಗಿ ಹಿಡಿಯಿರಿ. ಉಳಿದವು ತಾವಾಗಿಯೇ ಹಿಂದೆ ಬರುತ್ತವೆ. ನಾನು ಹಿಡಿದದ್ದು ಕೆರೆ. ಅದರ ಹಿಂದೆಯೇ ಜಾತಿ ಬಂತು, ಹೆಂಗಸರ ಸಾಲ ಬಂತು, ನೀಲಗಿರಿ ಮರ ಬಂತು, ಬೆಂಗಳೂರಿನ ಕೊಳಚೆ ನೀರೂ ಬಂತು.

ಕೋಲಾರಕ್ಕೆ ವರ್ಷಪೂರ್ತಿ ಹರಿಯುವ ನದಿ ಇಲ್ಲ. ಮಳೆ ವರ್ಷಕ್ಕೆ ಸುಮಾರು 700 ಮಿಲಿಮೀಟರ್, ಅದೂ ಬಂದರೆ ಬಂತು. ಅದಕ್ಕೇ ಹಿಂದಿನವರು ಹಳ್ಳದುದ್ದಕ್ಕೂ ಕೆರೆ ಕಟ್ಟಿದರು. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ ಹೋಗುತ್ತದೆ. ಅಲ್ಲಿ ಕೋಡಿ ಬಿದ್ದರೆ ಇನ್ನೂ ಕೆಳಗಿನದಕ್ಕೆ. ಹಾಗಾಗಿ ಮಧ್ಯದ ಒಂದು ಕಾಲುವೆ ಒತ್ತುವರಿಯಾದರೆ ನಾಲ್ಕು ಊರಿನ ಬಾಯಿ ಒಣಗುತ್ತದೆ. ಈ ಸರಪಳಿ ನನಗೆ ಅರ್ಥವಾಗಿದ್ದು ಪುಸ್ತಕದಿಂದಲ್ಲ, ಒಬ್ಬ ನೀರುಗಂಟಿಯ ಹಿಂದೆ ನಡೆದು.

ನೀರುಗಂಟಿ ಅಂದರೆ ಕೆರೆಯ ತೂಬು ಎತ್ತಿ, ಇಳಿಸಿ, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಹಂಚುವವರು. ನಮ್ಮ ಕಡೆ ಈ ಕೆಲಸ ಹೆಚ್ಚಾಗಿ ದಲಿತ ಕುಟುಂಬಗಳಲ್ಲಿ ತಲೆಮಾರಿನಿಂದ ಬಂದಿದೆ. ಆ ಅಜ್ಜನಿಗೆ ಆಗಲೇ ಎಪ್ಪತ್ತು ದಾಟಿತ್ತು. ಕಾಲುವೆಯ ಕೆಸರಿನಲ್ಲಿ ಬರಿಗಾಲು ಇಟ್ಟು ಒಂದು ನಿಮಿಷ ಸುಮ್ಮನೆ ನಿಲ್ಲುತ್ತಿದ್ದರು. ನೀರು ಕಣಕಾಲಿಗೆ ಎಲ್ಲಿ ತಾಗುತ್ತದೆ, ಎಷ್ಟು ಜೋರಾಗಿ ತಾಗುತ್ತದೆ ಅಂತ ನೋಡಿ, "ಕೊನೆ ಗದ್ದೆಗೆ ಹೊತ್ತು ಮುಳುಗೋ ಮುಂಚೆ ಹೋಗಲ್ಲ, ಮೇಲೆ ಯಾರೋ ಮಡೆ ಒಡೆದಿದ್ದಾರೆ" ಅನ್ನುತ್ತಿದ್ದರು. ಹೋಗಿ ನೋಡಿದರೆ ಹಾಗೇ ಇರುತ್ತಿತ್ತು. ನಮ್ಮ ಯೋಜನೆಯ ಕಾಗದದಲ್ಲಿ ಅವರ ಹೆಸರು ಎಲ್ಲೂ ಇರಲಿಲ್ಲ.

ಆದ್ದರಿಂದ ಮೊದಲ ಮೂರು ತಿಂಗಳು ಯಾರಿಗೂ ಏನೂ ಹೇಳಿಕೊಡಲು ಹೋಗಬೇಡಿ. ನಡೆಯಿರಿ. ಏರಿಯ ಮೇಲೆ, ಕಾಲುವೆ ದಂಡೆಯಲ್ಲಿ, ಕುರಿ ಕಾಯುವವರ ಜೊತೆ. ಸಂಜೆ ಡೈರಿಯಲ್ಲಿ ಹಾಲು ಹಾಕಲು ಬಂದವರ ಸಾಲಿನ ಪಕ್ಕ ನಿಲ್ಲಿ. ಅಲ್ಲಿ ಹತ್ತು ನಿಮಿಷದಲ್ಲಿ ಕೇಳುವ ವಿಷಯ ಒಂದು ಸಭೆಯಲ್ಲಿ ಸಿಗುವುದಿಲ್ಲ. ಮಾತೂ ಕಲಿಯಬೇಕು. ಮುಳಬಾಗಿಲು ಕಡೆ ಎಷ್ಟೋ ಹಳ್ಳಿಗಳಲ್ಲಿ ಮನೆಮಾತು ತೆಲುಗು. ನನ್ನ ಹತ್ತಿರ ಕನ್ನಡದಲ್ಲಿ "ಹೌದಮ್ಮ, ಎಲ್ಲ ಚೆನ್ನಾಗಿದೆ" ಅಂದವರೇ ಹಿಂದೆ ತಿರುಗಿ ತೆಲುಗಿನಲ್ಲಿ ನಿಜ ಹೇಳುತ್ತಿದ್ದರು. ನಾನು ತೆಲುಗು ಕಲಿತದ್ದು ರಾಗಿ ಕಳೆ ಕೀಳುವ ಹೆಂಗಸರಿಂದ. ಒಂದು ವರ್ಷ ಬೇಕಾಯಿತು.

ಎಲ್ಲಿ ಕೂರುತ್ತೀರಿ ಅನ್ನುವುದೇ ಅರ್ಧ ಕೆಲಸ

ನಮ್ಮ ಮೊದಲ ಕೆರೆ ಸಭೆ ಊರ ದೇವಸ್ಥಾನದ ಜಗುಲಿಯ ಮೇಲೆ ನಡೆಯಿತು. ನೆರಳಿತ್ತು, ಜಾಗ ದೊಡ್ಡದಿತ್ತು. ನಲವತ್ತು ಜನ ಸೇರಿದರು, ಎಲ್ಲರೂ ಒಪ್ಪಿದರು, ನಾನು ಖುಷಿಯಿಂದ ನಡಾವಳಿ ಬರೆದೆ. ನೀರುಗಂಟಿ ಅಜ್ಜ ಮಾತ್ರ ದೂರದಲ್ಲಿ ಹುಣಸೆ ಮರದ ಕೆಳಗೆ ನಿಂತಿದ್ದರು. ಅವರ ಕೇರಿಯವರು ಇನ್ಯಾರೂ ಬಂದಿರಲಿಲ್ಲ. ಜಗುಲಿ ಹತ್ತುವ ಪದ್ಧತಿ ಅವರಿಗೆ ಇರಲಿಲ್ಲ. ಅದನ್ನು ನನಗೆ ಯಾರೂ ಹೇಳಲೂ ಇಲ್ಲ, ಯಾಕೆಂದರೆ ಅಲ್ಲಿದ್ದವರಿಗೆ ಅದೊಂದು ವಿಷಯವೇ ಆಗಿರಲಿಲ್ಲ.

ಮುಂದಿನ ಸಭೆಯನ್ನು ಏರಿಯ ಮೇಲೆ, ತೂಬಿನ ಹತ್ತಿರ ಕರೆದೆವು. ಬಿಸಿಲಿತ್ತು, ಬಂದವರು ಕಡಿಮೆ. ಆದರೆ ಕೆರೆ ಎಲ್ಲರದೂ, ಅಲ್ಲಿಗೆ ಬರಬೇಡ ಅಂತ ಯಾರೂ ಹೇಳಲಾಗುವುದಿಲ್ಲ. ಅಂದಿನಿಂದ ಇವತ್ತಿನವರೆಗೆ ನಾನು ಸಭೆ ಕರೆಯುವ ಮೊದಲು ಜಾಗ, ಹೊತ್ತು ಎರಡನ್ನೂ ಯೋಚಿಸುತ್ತೇನೆ. ಹೆಂಗಸರು ಬರಬೇಕಾದರೆ ಮಧ್ಯಾಹ್ನ ಎರಡರಿಂದ ನಾಲ್ಕರ ಒಳಗೆ. ಹಾಲು ಕರೆಯುವ ಹೊತ್ತಿಗೆ ಸಭೆ ಇಟ್ಟರೆ ಬರುವುದು ಗಂಡಸರು ಮಾತ್ರ.

ಎರಡನೇ ವರ್ಷದ ತಪ್ಪು ಇನ್ನೂ ದೊಡ್ಡದು. ಒಂದು ಕೆರೆಯಲ್ಲಿ ಹೂಳು ತೆಗೆಸಿದೆವು. ಕೆರೆ ಹೂಳು ಹೊಲಕ್ಕೆ ಬಂಗಾರ. ಕೆಂಪು ಮಣ್ಣಿಗೆ ಹಾಕಿದರೆ ತೇವ ಹಿಡಿದಿಡುತ್ತದೆ, ಎರಡು ಮೂರು ಬೆಳೆಗೆ ಗೊಬ್ಬರದ ಖರ್ಚು ಇಳಿಯುತ್ತದೆ. ಅಗೆಯುವ ಖರ್ಚು ಸಂಸ್ಥೆಯದು, ಸಾಗಿಸುವುದು ರೈತರದು ಅಂತ ತೀರ್ಮಾನವಾಗಿತ್ತು. ಸರಿಯಾಗೇ ಇದೆ ಅನ್ನಿಸಿತ್ತು. ಕೆಲಸ ಮುಗಿಯುವ ಹೊತ್ತಿಗೆ ಅರ್ಧ ಎಕರೆಯ ಒಬ್ಬ ಹೆಂಗಸು ನನ್ನ ಟೇಬಲ್ ಮುಂದೆ ಬಂದು ನಿಂತರು. ಸೆರಗಿನಲ್ಲಿ ಒಂದು ಹಿಡಿ ಕಪ್ಪು ಮಣ್ಣು ಕಟ್ಟಿಕೊಂಡು ಬಂದಿದ್ದರು. ಅದನ್ನು ನನ್ನ ಲೆಕ್ಕದ ಪುಸ್ತಕದ ಪಕ್ಕ ಬಿಚ್ಚಿಟ್ಟು ಕೇಳಿದರು: "ನಮ್ಮ ಕೆರೆ ಮಣ್ಣು ಟ್ರ್ಯಾಕ್ಟರ್ ಇರೋರಿಗೆ ಮಾತ್ರಾನಾ?"

ಪುಸ್ತಕ ತಿರುವಿ ನೋಡಿದೆ. ಅವರು ಹೇಳಿದ್ದು ನಿಜ. ಸಾಗಿಸಿದ ಲೋಡುಗಳಲ್ಲಿ ಬಹುಪಾಲು ಟ್ರ್ಯಾಕ್ಟರ್ ಇದ್ದ ಒಂಬತ್ತು ಮನೆಗಳಿಗೇ ಹೋಗಿತ್ತು. ಲೆಕ್ಕ ಬರೆದವಳು ನಾನೇ. ದಿನಾ ಬರೆದರೂ ಕಣ್ಣಿಗೆ ಬಿದ್ದಿರಲಿಲ್ಲ, ಯಾಕೆಂದರೆ ಲೋಡಿನ ಸಂಖ್ಯೆ ಬರೆದಿದ್ದೆ, ಯಾರಿಗೆ ಎಷ್ಟು ಜಮೀನು ಅನ್ನುವ ಕಾಲಂ ಇರಲಿಲ್ಲ. ಆಮೇಲಿನ ಎಲ್ಲ ಕೆರೆಗಳಲ್ಲೂ ಮೊದಲ ದಿನವೇ ಅಚ್ಚುಕಟ್ಟಿನ, ಅಂದರೆ ಕೆರೆ ನೀರು ಹರಿಯುವ ಜಮೀನಿನ, ಪಟ್ಟಿ ಮಾಡಿ, ಎರಡು ಎಕರೆಗಿಂತ ಕಡಿಮೆ ಇದ್ದವರಿಗೆ ಮೊದಲ ಲೋಡು ಅಂತ ಸಭೆಯಲ್ಲೇ ಬರೆಸಿಕೊಂಡೆವು. ಸಾಗಣೆಗೆ ಸಂಘದಿಂದ ಚಿಕ್ಕ ಸಾಲ ಕೊಟ್ಟೆವು. ಆ ಒಂದು ಕಾಲಂ ನನಗೆ ಯಾವ ತರಬೇತಿಗಿಂತ ಜಾಸ್ತಿ ಕಲಿಸಿತು.

ಇನ್ನೊಂದು ಮಾತು, ಕೆರೆಗೆ ಕೈ ಹಾಕುವವರಿಗೆ. ಆಳಕ್ಕೆ ಅಗೆದಷ್ಟೂ ಒಳ್ಳೆಯದು ಅಂತ ಅಂದುಕೊಳ್ಳಬೇಡಿ. ತಳದ ಜೇಡಿ ಪದರ ಒಡೆದರೆ ನೀರು ನಿಲ್ಲುವುದಿಲ್ಲ. ಏರಿಯ ಬುಡದ ಹತ್ತಿರ ಅಗೆದರೆ ಏರಿಯೇ ಕೂರುತ್ತದೆ. ಎಲ್ಲಿ ನಿಲ್ಲಿಸಬೇಕು ಅಂತ ಎಂಜಿನಿಯರ್ ಹೇಳುತ್ತಾರೆ, ಊರಿನ ಹಿರಿಯರೂ ಹೇಳುತ್ತಾರೆ. ಇಬ್ಬರನ್ನೂ ಒಟ್ಟಿಗೆ ಕೆರೆ ಅಂಗಳದಲ್ಲಿ ನಿಲ್ಲಿಸಿ ಮಾತಾಡಿಸಿ.

ಕಲಿಯಬೇಕಾದ ಕಸುಬು

ಒಳ್ಳೆ ಮನಸ್ಸಿದ್ದರೆ ಸಾಕು ಅಂತ ತುಂಬಾ ಜನ ನಂಬಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಬಡಗಿಗೆ ಉಳಿ ಹೇಗೋ ನಮಗೆ ಲೆಕ್ಕ, ಕಾಗದ, ಕಾನೂನು ಹಾಗೆ.

ಸಂಘದ ಲೆಕ್ಕ ಬರೆಯಲು ಕಲಿಯಿರಿ. ಕರ್ನಾಟಕದಲ್ಲಿ ಹೆಂಗಸರ ಸ್ವಸಹಾಯ ಸಂಘಗಳಿಗೆ ದೊಡ್ಡ ಇತಿಹಾಸವಿದೆ. 1968ರಲ್ಲಿ ಶುರುವಾದ ಮೈರಾಡ ಸಂಸ್ಥೆ 1980ರ ದಶಕದಲ್ಲೇ ಇಂಥ ಗುಂಪುಗಳನ್ನು ಕಟ್ಟಿತ್ತು. 1992ರಲ್ಲಿ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕ್ ನಬಾರ್ಡ್ ಅವುಗಳನ್ನು ಬ್ಯಾಂಕಿಗೆ ಜೋಡಿಸುವ ಕಾರ್ಯಕ್ರಮ ತಂದಿತು. ಹತ್ತರಿಂದ ಇಪ್ಪತ್ತು ಜನ, ವಾರದ ಸಭೆ, ವಾರದ ಉಳಿತಾಯ, ಒಳಸಾಲ, ಹೊತ್ತಿಗೆ ಸರಿಯಾಗಿ ಮರುಪಾವತಿ, ಅಂದಂದಿನ ಲೆಕ್ಕ ಅಂದೇ. ಕೇಳಲು ಸುಲಭ. ಆದರೆ ಓದು ಬರದ ಹನ್ನೆರಡು ಜನರ ಮುಂದೆ ಅವರದೇ ಹಣದ ಲೆಕ್ಕವನ್ನು ಅವರಿಗೆ ಅರ್ಥವಾಗುವ ಹಾಗೆ ಓದಿ ಹೇಳುವುದು ಒಂದು ವಿದ್ಯೆ. ನಡಾವಳಿಯನ್ನು ಜೋರಾಗಿ ಓದದೆ ಯಾರ ಹೆಬ್ಬೆಟ್ಟನ್ನೂ ಒತ್ತಿಸಿಕೊಳ್ಳಬೇಡಿ. ಇದೊಂದು ನಿಯಮವನ್ನು ನಾನು ಹದಿನಾಲ್ಕು ವರ್ಷದಲ್ಲಿ ಒಂದು ದಿನವೂ ಬಿಟ್ಟಿಲ್ಲ.

ನೀರಿನ ಲೆಕ್ಕವೂ ಬೇಕು. ಒಂದು ಎಕರೆ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 4,000 ಲೀಟರ್. ಇದನ್ನು ಒಂದು ಸಲ ಬಾಯಿಪಾಠ ಮಾಡಿಕೊಂಡರೆ ಯಾವ ಹೊಲದ ಅಂಚಿನಲ್ಲಿ ನಿಂತರೂ ಲೆಕ್ಕ ಹಾಕಬಹುದು. "ನಿನ್ನೆ ಇಪ್ಪತ್ತು ಮಿಲಿಮೀಟರ್ ಬಂತು, ನಿಮ್ಮ ಎರಡು ಎಕರೆಗೆ 1,60,000 ಲೀಟರ್ ಬಿದ್ದಿದೆ, ಎಷ್ಟು ನಿಂತಿತು?" ಅಂತ ಕೇಳಿದರೆ ಬದು ಹಾಕುವ ಮಾತು ತಾನಾಗಿಯೇ ಶುರುವಾಗುತ್ತದೆ.

ಕಾಗದದ ವಿಷಯಕ್ಕೆ ಬಂದರೆ, ನಿಮ್ಮ ಕೆರೆ ಯಾರದು ಅಂತ ಮೊದಲು ತಿಳಿಯಿರಿ. ಸಾಮಾನ್ಯವಾಗಿ ಅಚ್ಚುಕಟ್ಟು 40 ಹೆಕ್ಟೇರ್ ಒಳಗಿದ್ದರೆ ಕೆರೆ ಪಂಚಾಯತ್ ವ್ಯವಸ್ಥೆಯ ಕೈಯಲ್ಲಿರುತ್ತದೆ. ಅದಕ್ಕಿಂತ ಜಾಸ್ತಿ ಇದ್ದರೆ ಸಣ್ಣ ನೀರಾವರಿ ಇಲಾಖೆ. ಇದು ಗೊತ್ತಿಲ್ಲದೆ ತಪ್ಪು ಕಚೇರಿಯ ಬಾಗಿಲಲ್ಲಿ ಆರು ತಿಂಗಳು ಕಾದವರನ್ನು ನೋಡಿದ್ದೇನೆ. ಪಹಣಿ, ಗ್ರಾಮ ನಕ್ಷೆ ಓದಲು ಬರಬೇಕು. ಫೋನಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡರೆ ನಿಂತ ಜಾಗದ ಸರ್ವೆ ನಂಬರ್ ಕಾಣುತ್ತದೆ. ಆದರೆ ಅದನ್ನೇ ನಂಬಿ ಜಗಳಕ್ಕೆ ಹೋಗಬೇಡಿ, ಗಡಿಗೆ ಸರ್ವೆಯರ್ ಬರಲೇಬೇಕು. ವಾರ್ಡ್ ಸಭೆ, ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು ಅಂತ ನಮ್ಮ 1993ರ ಪಂಚಾಯತ್ ಕಾನೂನು ಹೇಳುತ್ತದೆ. ಕಾಲುವೆ ದುರಸ್ತಿ ಪಂಚಾಯ್ತಿಯ ಕೆಲಸದ ಪಟ್ಟಿಗೆ ಸೇರಬೇಕಾದರೆ ಅಲ್ಲಿ ಎದ್ದು ನಿಂತು ಹೇಳಿ, ಠರಾವಿನಲ್ಲಿ ಬರೆಸಬೇಕು. ಹೇಳುವವರು ಊರಿನವರೇ ಆಗಿರಲಿ. ನೀವು ಹಿಂದೆ ಕೂತುಕೊಳ್ಳಿ.

ಒಳಗೆ ಬರುವ ಬಾಗಿಲುಗಳು

ಓದಿಕೊಂಡು ಬರುವವರಿಗೆ ಎಂ.ಎಸ್.ಡಬ್ಲ್ಯೂ., ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ, ಹಳೆಯ ದಾರಿ. ಮಂಗಳೂರಿನ ರೋಶನಿ ನಿಲಯ 1960ರಿಂದ ಸಮಾಜಕಾರ್ಯ ಕಲಿಸುತ್ತಿರುವ ಮನೆ. ಗದಗದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್‌ಗೇ ಅಂತ ಒಂದು ವಿಶ್ವವಿದ್ಯಾಲಯ ಬಂದಿದೆ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ಡೆವಲಪ್‌ಮೆಂಟ್ ಎಂ.ಎ. ಇದೆ. ಮನೆಯ ಆದಾಯ ನೋಡಿ ಶುಲ್ಕದಲ್ಲಿ ಸಹಾಯ ಕೊಡುತ್ತಾರೆ, ಆದ್ದರಿಂದ ಫೀಸ್ ನೋಡಿ ಹೆದರಿ ಬಿಡಬೇಡಿ. ಎಲ್ಲೇ ಸೇರಿ, ಫೀಲ್ಡ್ ವರ್ಕ್ ಎಷ್ಟು ದಿನ, ಎಲ್ಲಿ, ಯಾರ ಕೈಕೆಳಗೆ ಅಂತ ಹಳೆ ವಿದ್ಯಾರ್ಥಿಗಳನ್ನು ಕೇಳಿಯೇ ಸೇರಿ.

ಈಗಾಗಲೇ ಕೆಲಸದಲ್ಲಿ ಇದ್ದು, ಇದು ನನಗೆ ಆಗುತ್ತಾ ಅಂತ ನೋಡಬೇಕಾದವರಿಗೆ ಫೆಲೋಶಿಪ್ ಒಳ್ಳೆಯದು. ಎಸ್‌ಬಿಐ ಯೂತ್ ಫಾರ್ ಇಂಡಿಯಾ 13 ತಿಂಗಳದು, ಹಳ್ಳಿಯಲ್ಲೇ ಇರಬೇಕು. ಗಾಂಧಿ ಫೆಲೋಶಿಪ್ ಎರಡು ವರ್ಷದ್ದು. ಸಂಬಳ ಬಿಟ್ಟು ಬರುವವರಿಗೆ ಇದು ಮಧ್ಯದ ಮೆಟ್ಟಿಲು.

ಹಳ್ಳಿಯಲ್ಲೇ ಇರುವ ಹೆಣ್ಣುಮಕ್ಕಳಿಗೆ ನಾನು ಮೊದಲು ಹೇಳುವುದು ಸರ್ಕಾರದ ಸಂಜೀವಿನಿ ಯೋಜನೆಯಲ್ಲಿ ಹೆಂಗಸರ ಸಂಘಗಳೆಲ್ಲ ಸೇರಿ ಆಗಿರುವ ಒಕ್ಕೂಟದ ಬಗ್ಗೆ. ಪಂಚಾಯ್ತಿ ಮಟ್ಟದ ಒಕ್ಕೂಟಕ್ಕೆ ಲೆಕ್ಕ ಬರೆಯುವ ಎಂ.ಬಿ.ಕೆ., ಕೃಷಿ ಸಖಿ, ಪಶು ಸಖಿ ಅಂತ ಹುದ್ದೆಗಳಿವೆ. ಗೌರವಧನ ಕಡಿಮೆ, ಅದು ಜಾಸ್ತಿಯಾಗಲೇಬೇಕು. ಆದರೂ ಊರು ಬಿಡದೆ ಈ ಕಸುಬು ಕಲಿಯಲು ಇದಕ್ಕಿಂತ ಹತ್ತಿರದ ಬಾಗಿಲಿಲ್ಲ. ನನ್ನ ಜೊತೆ ಈಗ ಒಂದಿಷ್ಟು ಊರುಗಳ ಗುಂಪನ್ನು ನೋಡಿಕೊಳ್ಳುತ್ತಿರುವ ಹುಡುಗಿ ಹಾಗೇ ಬಂದವಳು. ಹತ್ತನೇ ಕ್ಲಾಸ್ ಓದಿದ್ದಾಳೆ. ಬ್ಯಾಂಕ್ ಮ್ಯಾನೇಜರ್ ಎದುರು ಅವಳು ಕೂತು ಮಾತಾಡುವುದನ್ನು ನೀವು ನೋಡಬೇಕು.

ನಗರದಲ್ಲಿ ಇರುವವರು ಹಳ್ಳಿಗೇ ಬರಬೇಕು ಅಂತಿಲ್ಲ. ಬೆಂಗಳೂರಿನಲ್ಲಿ ಕಸ ಆಯುವವರ ಜೊತೆ ಹಸಿರು ದಳ ಸಂಸ್ಥೆ ಮಾಡುತ್ತಿರುವುದೂ ಇದೇ ಕೆಲಸ. ಅವರ ಗುರುತಿನ ಚೀಟಿ, ಅವರ ದುಡಿಮೆ, ಊರಿನ ಕಸ, ಎಲ್ಲ ಒಟ್ಟಿಗೆ. ಕಾಡಿನ ಕಡೆ ಒಲವಿದ್ದವರು ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಕಥೆ ತಿಳಿದುಕೊಳ್ಳಿ. ಅರಣ್ಯ ಹಕ್ಕು ಕಾಯ್ದೆ 2006ರದು. 2011ರಲ್ಲಿ ಅಲ್ಲಿನ ಪೋಡುಗಳಿಗೆ, ಅಂದರೆ ಸೋಲಿಗರ ಹಾಡಿಗಳಿಗೆ, ಸಮುದಾಯ ಹಕ್ಕುಪತ್ರ ಸಿಕ್ಕಿತು, ಅದೂ ಹುಲಿ ಸಂರಕ್ಷಿತ ಕಾಡಿನೊಳಗೆ. ಹಿರಿಯರು ಕಾಡಿನಲ್ಲಿ ನಡೆದು ತಮ್ಮ ದೇವರ ಜಾಗ, ಮಾರಮ್ಮನ ಜಾಗ ತೋರಿಸುತ್ತಾ ಹೋದರು. ಜೊತೆಯಲ್ಲಿ ಯಾರೋ ಒಬ್ಬರು ಜಿಪಿಎಸ್ ಹಿಡಿದು ಹೆಸರು ಬರೆದುಕೊಂಡು ನಡೆದಿರುತ್ತಾರೆ ಅಲ್ವಾ? ಆ ಬರೆದುಕೊಳ್ಳುವವರ ಕೆಲಸ ನಮ್ಮದು.

ದುಡ್ಡಿನ ಮಾತು

ಕೇಳಲು ಸಂಕೋಚ ಬೇಡ. ಈಗ ನಮ್ಮ ಸುತ್ತಮುತ್ತಲ ಸಂಸ್ಥೆಗಳಲ್ಲಿ ಹೊಸಬರಿಗೆ 15ರಿಂದ 25 ಸಾವಿರದ ನಡುವೆ ಸಿಗುವುದನ್ನು ನೋಡಿದ್ದೇನೆ. ಸೇರುವ ಮೊದಲು ಕೇಳಬೇಕಾದ್ದು ಇಷ್ಟಿದೆ. ಈ ಯೋಜನೆಗೆ ಹಣ ಯಾವ ತಿಂಗಳವರೆಗೆ ಇದೆ? ಪಿಎಫ್ ಕಟ್ಟುತ್ತೀರಾ? ಗಾಡಿಯ ಪೆಟ್ರೋಲ್ ಯಾರದು? ಹೆಣ್ಣುಮಕ್ಕಳು ರಾತ್ರಿ ಫೀಲ್ಡಿನಲ್ಲಿ ಉಳಿಯಬೇಕಾದರೆ ಎಲ್ಲಿ? ಒಂದು ಕಡೆ ನನಗೆ ಐದು ತಿಂಗಳು ಸಂಬಳ ತಡವಾಯಿತು. "ಸೇವೆಗೆ ಬಂದವರು ಸಂಬಳ ಕೇಳ್ತೀರಾ" ಅಂದರು. ಅಮ್ಮನ ಬಳೆ ಅಡ ಇಟ್ಟು ಬಾಡಿಗೆ ಕಟ್ಟಿದೆ. ಅವತ್ತು ಸುಮ್ಮನಿದ್ದದ್ದು ನನಗೆ ಇವತ್ತಿಗೂ ನೋವು. ಕೂಲಿಯವರಿಗೆ ವಾರದೊಳಗೆ ಕೂಲಿ ಸಿಗಲಿ ಅಂತ ಪಂಚಾಯ್ತಿ ಮುಂದೆ ಕೂರುವ ನಾವು ನಮ್ಮ ಕೂಲಿಯನ್ನೂ ಕೇಳಬೇಕು. ಕೆಲಸ ಬದಲಿಸುವ ಮುಂಚೆ ಆರು ತಿಂಗಳ ಖರ್ಚು ಕೈಯಲ್ಲಿ ಇಟ್ಟುಕೊಳ್ಳಿ. ಮನೆಯವರ ಹತ್ತಿರ ಮುಚ್ಚುಮರೆ ಮಾಡಬೇಡಿ, ಅವರನ್ನು ಒಂದು ಸಲ ಊರಿಗೆ ಕರೆದುಕೊಂಡು ಬನ್ನಿ. ನನ್ನ ಅಮ್ಮ ಒಂದು ದಿನ ಏರಿಯ ಮೇಲೆ ಹೆಂಗಸರ ಜೊತೆ ಕೂತು ಅವರೆಕಾಯಿ ಬಿಡಿಸಿದ ಮೇಲೆ ಮದುವೆ, ನೌಕರಿ ಅಂತ ಮತ್ತೆ ಎತ್ತಲಿಲ್ಲ.

ಹಣ ಎಲ್ಲಿಂದ ಬರುತ್ತದೆ ಅನ್ನುವುದೂ ತಿಳಿದಿರಲಿ. 2014ರ ಏಪ್ರಿಲ್‌ನಿಂದ ದೊಡ್ಡ ಕಂಪನಿಗಳು ಲಾಭದ ಶೇಕಡ 2 ಭಾಗವನ್ನು ಸಮಾಜದ ಕೆಲಸಕ್ಕೆ ಕೊಡಬೇಕು ಅಂತ ನಿಯಮವಾಗಿದೆ. ಅದರಿಂದ ಕೆರೆಗಳಿಗೆ ಹಣ ಬಂತು. ಜೊತೆಗೆ ಅವಸರವೂ ಬಂತು. ಮಾರ್ಚ್ 31ರೊಳಗೆ ಫೋಟೋ ಬೇಕು. ಆದರೆ ಒಂದು ಊರಿನ ಸಂಘ ಗಟ್ಟಿಯಾಗಲು ಮೂರು ವರ್ಷ ಬೇಕು. ಯೋಜನೆಯ ಮೊದಲ ತಿಂಗಳಿಂದಲೇ ಕೆರೆ ಸಂಘದ ಹೆಸರಲ್ಲಿ ನಿರ್ವಹಣಾ ಖಾತೆ ತೆರೆಸಿ. ಮೀನು ಹರಾಜಿನ ಪಾಲೋ, ಮನೆಗೆ ಇಷ್ಟು ಅಂತ ವಂತಿಗೆಯೋ, ಏನಾದರೂ ಅದಕ್ಕೆ ಬೀಳುತ್ತಿರಲಿ. ನಾವು ಎದ್ದು ಹೋದ ಮೇಲೆ ತೂಬಿನ ಗೇಟಿಗೆ ಗ್ರೀಸ್ ಹಾಕಲು ಆ ಹಣ ಬೇಕು.

ಸ್ವಂತ ಸಂಸ್ಥೆ ತೆರೆಯಬೇಕು ಅಂತ ಮೊದಲ ವರ್ಷದಲ್ಲೇ ಅನ್ನಿಸುತ್ತದೆ. ಏಳು ಜನ ಸೇರಿದರೆ 1960ರ ಸಂಘಗಳ ಕಾಯ್ದೆಯಲ್ಲಿ ನೋಂದಣಿ ಆಗುತ್ತದೆ. ಆಮೇಲೆ ಆದಾಯ ತೆರಿಗೆ ವಿನಾಯಿತಿಯ ನೋಂದಣಿ, ವರ್ಷ ವರ್ಷ ಆಡಿಟ್, ವರದಿ. ಅದರಲ್ಲೇ ದಿನ ಹೋಗುತ್ತದೆ. ಐದು ವರ್ಷ ಬೇರೆಯವರ ಕೆಳಗೆ ದುಡಿದು ಆಮೇಲೆ ಯೋಚಿಸಿ.

ಹಸಿರು ಅನ್ನುವಾಗ ಜನರನ್ನು ಮರೆಯಬೇಡಿ

ಕೋಲಾರದಲ್ಲಿ ನೀಲಗಿರಿ ದೊಡ್ಡ ಜಗಳ. ನೀರು ಹೀರುತ್ತದೆ ಅಂತ ನಾವೆಲ್ಲ ಹೇಳಿದೆವು, ಹೊಸದಾಗಿ ನೆಡುವುದನ್ನು ಸರ್ಕಾರವೂ ನಿಲ್ಲಿಸಿತು. ಆದರೆ ಗಂಡ ತೀರಿಹೋಗಿ, ಮಕ್ಕಳು ಬೆಂಗಳೂರು ಸೇರಿ, ಉಳುವವರೇ ಇಲ್ಲದ ಮನೆಗೆ ನಾಲ್ಕೈದು ವರ್ಷಕ್ಕೊಮ್ಮೆ ಕಡಿದು ಮಾರುವ ನೀಲಗಿರಿಯೇ ಪಿಂಚಣಿ. ಅಂಥವರ ಮುಂದೆ ಅಂತರ್ಜಲದ ಭಾಷಣ ಮಾಡಬೇಡಿ. ಬೇರು ಕೀಳಿಸುವ ಖರ್ಚು ಎಷ್ಟು, ಅದರ ಜಾಗದಲ್ಲಿ ಹುಣಸೆ, ನೇರಳೆ, ಹೊಂಗೆ ಹಾಕಿದರೆ ಮೊದಲ ಐದು ವರ್ಷ ಮನೆ ಹೇಗೆ ನಡೆಯುತ್ತದೆ ಅಂತ ಕೂತು ಲೆಕ್ಕ ಹಾಕಿ. ಲೆಕ್ಕ ಕೂಡದಿದ್ದರೆ ಕೂಡಲಿಲ್ಲ ಅಂತ ನೇರವಾಗಿ ಹೇಳಿ.

2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ನಮ್ಮ ಜಿಲ್ಲೆಯ ಕೆರೆಗಳಿಗೆ ಬಿಡುತ್ತಿದ್ದಾರೆ. ಬತ್ತಿದ ಬೋರ್‌ವೆಲ್‌ಗಳಲ್ಲಿ ನೀರು ಬಂತು ಅಂತ ಕಣ್ಣು ತುಂಬಿಕೊಂಡವರಿದ್ದಾರೆ. ಮೂರನೇ ಹಂತದ ಶುದ್ಧೀಕರಣ ಆಗದೆ ಈ ನೀರು ಬೇಡ ಅಂತ ಹೋರಾಡುವವರೂ ಇದ್ದಾರೆ. ಇಬ್ಬರೂ ನಮ್ಮವರೇ. ಇಂಥ ಕಡೆ ನಮ್ಮ ಕೆಲಸ ನೀರಿನ ಮಾದರಿ ತೆಗೆಸಿ, ಲ್ಯಾಬಿಗೆ ಕಳಿಸಿ, ಬಂದ ವರದಿಯನ್ನು ಕನ್ನಡದಲ್ಲಿ, ತೆಲುಗಿನಲ್ಲಿ ಊರ ಮುಂದೆ ಓದುವುದು. ತೀರ್ಮಾನ ಊರಿನವರು ಮಾಡಲಿ.

ಬರುವುದಾದರೆ ಏಪ್ರಿಲ್‌ನಲ್ಲಿ ಬನ್ನಿ. ಆಗ ಕೆರೆ ಅಂಗಳ ಒಣಗಿರುತ್ತದೆ, ತೂಬಿನ ಬಾಯಿ ಕಣ್ಣಿಗೆ ಕಾಣುತ್ತದೆ, ಹೂಳು ಎಲ್ಲಿ ಎಷ್ಟು ನಿಂತಿದೆ ಅಂತ ನಡೆದೇ ತಿಳಿಯಬಹುದು. ಹೊಲದ ಕೆಲಸ ಕಡಿಮೆ, ಜನರಿಗೆ ಮಾತಾಡಲು ಹೊತ್ತಿರುತ್ತದೆ. ಗಟ್ಟಿ ಚಪ್ಪಲಿ, ಒಂದು ನೋಟ್‌ಬುಕ್, ನೀರಿನ ಬಾಟಲಿ ತನ್ನಿ. ಬೆಳಿಗ್ಗೆ ಆರೂವರೆಗೆ ನಾವು ಏರಿಯ ಮೇಲೆ ಇರುತ್ತೇವೆ. ಆ ಅಜ್ಜ ಈಗಿಲ್ಲ, ಅವರ ಮಗಳು ತೂಬು ನೋಡಿಕೊಳ್ಳುತ್ತಾಳೆ. ಮೊದಲ ದಿನ ಅವಳ ಹಿಂದೆ ನಡೆಯಿರಿ.